ಜಮ್‌ಷೆಟ್‌ಜಿ ನಸರ್ವಾನ್‌ಜಿ ಟಾಟಾ: ಉದ್ಯಮ, ಸರ್ಕಾರ ಮತ್ತು ಸಮುದಾಯ

ಭಾರತದ ಆಧುನಿಕ ಕೈಗಾರಿಕೆಗೆ ಅಡಿಪಾಯ ಹಾಕಿದ ಮಹನೀಯರಲ್ಲಿ ಶ್ರೀ ಜಮ್‌ಷೆಟ್‌ಜಿ ನಸರ್ವಾನ್‌ಜಿ ಟಾಟಾ (1839-1904) ಅವರು ಅಗ್ರಗಣ್ಯರು. ಉಕ್ಕಿನ ಕಾರ್ಖಾನೆ, ಜಲವಿದ್ಯುತ್ ಯೋಜನೆ ಮತ್ತು ಉನ್ನತ ವಿಜ್ಞಾನ ಶಿಕ್ಷಣ ಸಂಸ್ಥೆ ಇವು ಅವರ ಜೀವಿತದ ಮೂರು ಮಹತ್ವದ ಸಂಕಲ್ಪಗಳು. ಈ ಮೂರರಲ್ಲಿ ಒಂದೂ ಅವರ ಕಣ್ಣೆದುರಿಗೆ ಪೂರ್ಣಗೊಳ್ಳಲಿಲ್ಲ. ಆದರೂ ಅವರ ಮರಣಾನಂತರ ಹನ್ನೊಂದು ವರ್ಷಗಳೊಳಗಾಗಿ ಮೂರೂ ಕಾರ್ಯಗತವಾದವು ಹಾಗೂ ಒಂದು ಶತಮಾನ ಕಳೆದ ನಂತರವೂ ಉಳಿದು ಬಂದಿವೆ. ಉದ್ಯಮವೊಂದು ದೀರ್ಘಕಾಲ ಬಾಳಬೇಕಾದರೆ ಅದಕ್ಕೆ ಸರ್ಕಾರದ ಸಮ್ಮತಿ, ಜನರ ಸಹಭಾಗಿತ್ವ ಮತ್ತು ನೀರು, ನೆಲ, ಅರಿವುಗಳಂತಹ ಮೂಲ ಸಂಪನ್ಮೂಲಗಳ ಭದ್ರತೆ ಇರಬೇಕೆಂಬುದನ್ನು ಅವರ ಜೀವನ ತೋರಿಸಿಕೊಡುತ್ತದೆ. ಕೈಗಾರಿಕೆಗಳ ಸ್ಥಾಪನೆಗಾಗಿ ವಿವಿಧ ಅನುಮತಿಗಳನ್ನು ಕೋರಿ ಅರ್ಜಿ ಸಲ್ಲಿಸುವ ನಾಗರಿಕರ ಮಾಹಿತಿಗಾಗಿ ಅವರ ಜೀವನ ಮತ್ತು ಸಾಧನೆಗಳನ್ನು ಇಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಜಮ್‌ಷೆಟ್‌ಜಿ ಅವರು 1839ರ ಮಾರ್ಚ್ 3ರಂದು ಗುಜರಾತಿನ ನವಸಾರಿಯಲ್ಲಿ ಜನಿಸಿದರು. ನವಸಾರಿಯು ಆಗ ಬರೋಡಾ ಸಂಸ್ಥಾನಕ್ಕೆ ಸೇರಿತ್ತು. ಅವರದು ಪಾರ್ಸಿ ಪುರೋಹಿತರ ಮನೆತನ. ತಂದೆ ನಸರ್ವಾನ್‌ಜಿ ಅವರು ಕುಲವೃತ್ತಿಯನ್ನು ಬಿಟ್ಟು ಮುಂಬಯಿಗೆ ಬಂದು ವ್ಯಾಪಾರದಲ್ಲಿ ತೊಡಗಿದ್ದರು. ಬಾಲಕ ಜಮ್‌ಷೆಟ್‌ಜಿ ತಮ್ಮ ಹದಿಮೂರನೆಯ ವಯಸ್ಸಿನ ಸುಮಾರಿಗೆ ಮುಂಬಯಿ ಸೇರಿ, ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ 1858ರಲ್ಲಿ ಶಿಕ್ಷಣವನ್ನು ಪೂರ್ಣಗೊಳಿಸಿದರು. ಓದಿನಲ್ಲಿ ಅವರಿಗಿದ್ದ ಆಸಕ್ತಿ ಕೊನೆಯವರೆಗೂ ಕುಂದಲಿಲ್ಲ.

ವ್ಯಾಸಂಗದ ನಂತರ ತಂದೆಯ ವ್ಯಾಪಾರ ಸಂಸ್ಥೆಯನ್ನು ಸೇರಿದ ಅವರು ವ್ಯವಹಾರದ ಏಳುಬೀಳುಗಳನ್ನು ಹತ್ತಿರದಿಂದ ಕಂಡರು. 1868ರಲ್ಲಿ 21,000 ರೂಪಾಯಿಗಳ ಬಂಡವಾಳದೊಂದಿಗೆ ತಮ್ಮದೇ ಆದ ವ್ಯಾಪಾರ ಸಂಸ್ಥೆಯನ್ನು ಆರಂಭಿಸಿದರು. ಮರುವರ್ಷ ಮುಂಬಯಿಯ ಚಿಂಚ್‌ಪೋಕ್ಲಿಯಲ್ಲಿ ದಿವಾಳಿಯಾಗಿದ್ದ ಎಣ್ಣೆ ಗಿರಣಿಯೊಂದನ್ನು ಖರೀದಿಸಿ ಹತ್ತಿಯ ಗಿರಣಿಯಾಗಿ ಪರಿವರ್ತಿಸಿದರು. ಎರಡು ವರ್ಷಗಳ ನಂತರ ಅದನ್ನು ಲಾಭಕ್ಕೆ ಮಾರಾಟ ಮಾಡಿ, ಇಂಗ್ಲೆಂಡಿಗೆ ತೆರಳಿ ಜವಳಿ ಉದ್ಯಮವನ್ನು ಕೂಲಂಕಷವಾಗಿ ಅಭ್ಯಸಿಸಿದರು.

ನಾಗಪುರದ ಗಿರಣಿ ಮತ್ತು ಕಾರ್ಮಿಕರ ಹಿತ

ಅಂದು ಹತ್ತಿ ಗಿರಣಿಗಳೆಲ್ಲ ಬಹುತೇಕ ಮುಂಬಯಿಯಲ್ಲಿಯೇ ಸ್ಥಾಪನೆಯಾಗುತ್ತಿದ್ದವು. ಜಮ್‌ಷೆಟ್‌ಜಿ ಅವರು ಇದಕ್ಕೆ ಭಿನ್ನವಾಗಿ ಆಲೋಚಿಸಿ ನಾಗಪುರವನ್ನು ಆಯ್ಕೆ ಮಾಡಿದರು. ಹತ್ತಿ ಬೆಳೆಯುವ ಪ್ರದೇಶ ಸಮೀಪದಲ್ಲಿತ್ತು, ರೈಲು ಸಂಪರ್ಕವಿತ್ತು, ಉರುವಲಿಗೆ ವರೋರಾದ ಕಲ್ಲಿದ್ದಲು ಹತ್ತಿರದಲ್ಲಿ ದೊರೆಯುತ್ತಿತ್ತು. ಕಚ್ಚಾ ಸಾಮಗ್ರಿಯನ್ನು ದೂರಕ್ಕೆ ಸಾಗಿಸಿ, ತಯಾರಾದ ನೂಲನ್ನು ಮತ್ತೆ ಒಳನಾಡಿಗೆ ಮರಳಿ ಸಾಗಿಸುವ ಖರ್ಚು ಇದರಿಂದ ಉಳಿಯುವಂತಿತ್ತು. ದೂರದ ಊರೆಂಬ ಕಾರಣಕ್ಕೆ ಹಣ ತೊಡಗಿಸಲು ಹಿಂಜರಿದವರೂ ಇದ್ದರು. 1874ರಲ್ಲಿ ಕಂಪನಿ ಸ್ಥಾಪನೆಯಾಯಿತು. ಜೌಗು ನೆಲವನ್ನು ತುಂಬಿ ನಿರ್ಮಿಸಿದ ಈ ಗಿರಣಿ 1877ರ ಜನವರಿ 1ರಂದು ಕಾರ್ಯಾರಂಭ ಮಾಡಿತು. ಅದೇ ದಿನ ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿ ಎಂದು ಘೋಷಿಸಲಾದ ಕಾರಣ ಗಿರಣಿಗೆ ಎಂಪ್ರೆಸ್ ಮಿಲ್ ಎಂದು ಹೆಸರಿಡಲಾಯಿತು.

ಎಂಪ್ರೆಸ್ ಮಿಲ್ ಆರಂಭದ ದಿನಗಳಲ್ಲಿ ಕಾರ್ಮಿಕರ ಗೈರುಹಾಜರಿಯ ಸಮಸ್ಯೆಯನ್ನು ಎದುರಿಸಿತು. ದಂಡ ವಿಧಿಸುವ ಮಾರ್ಗವನ್ನು ಬಿಟ್ಟು, ದುಡಿಯುವವರು ನಿಂತು ದುಡಿಯುವಂತಹ ವಾತಾವರಣವನ್ನು ಕಲ್ಪಿಸುವುದು ಲೇಸೆಂದು ಜಮ್‌ಷೆಟ್‌ಜಿ ಬಗೆದರು. ಗಿರಣಿಯೊಳಗೆ ಗಾಳಿಯ ತೇವಾಂಶವನ್ನು ಕಾಪಾಡುವ ಮತ್ತು ಬೆಂಕಿಯನ್ನು ನಂದಿಸುವ ಉಪಕರಣಗಳನ್ನು ಅಳವಡಿಸಲಾಯಿತು. 1886ರಲ್ಲಿ ನಿವೃತ್ತಿ ವೇತನ ನಿಧಿಯನ್ನೂ 1895ರಲ್ಲಿ ಅಪಘಾತ ಪರಿಹಾರದ ವ್ಯವಸ್ಥೆಯನ್ನೂ ಜಾರಿಗೆ ತರಲಾಯಿತು. ಆ ಕಾಲದಲ್ಲಿ ಇಂತಹ ಸೌಲಭ್ಯಗಳನ್ನು ನೀಡಬೇಕೆಂಬ ಯಾವ ಕಾನೂನೂ ದೇಶದಲ್ಲಿರಲಿಲ್ಲ. ಕಾರ್ಮಿಕರ ನಷ್ಟ ಪರಿಹಾರ ಕಾಯ್ದೆ ಬಂದದ್ದು 1923ರಲ್ಲಿ, ಭವಿಷ್ಯ ನಿಧಿ ಕಾಯ್ದೆ ಬಂದದ್ದು 1952ರಲ್ಲಿ.

ಇವನ್ನೆಲ್ಲ ಅವರು ದಾನವೆಂದು ಪರಿಗಣಿಸಲಿಲ್ಲ ಎಂಬುದು ಗಮನಾರ್ಹ. ಷೇರುದಾರರ ಹಿತ ಮತ್ತು ನೌಕರರ ಆರೋಗ್ಯ ಎರಡನ್ನೂ ಉದ್ಯಮದ ಏಳಿಗೆಯ ಆಧಾರವೆಂದೇ ಅವರು ಭಾವಿಸಿದ್ದರು. ಯಂತ್ರದ ಸವಕಳಿಗೆ ಪ್ರತಿವರ್ಷ ಲೆಕ್ಕದಲ್ಲಿ ಹಣ ತೆಗೆದಿರಿಸುವಂತೆಯೇ ಮನುಷ್ಯನ ಶ್ರಮದ ಸವಕಳಿಗೂ ಹಣ ತೆಗೆದಿರಿಸಬೇಕಾಗುತ್ತದೆ ಎಂಬ ತತ್ವ ಈ ಕ್ರಮಗಳಲ್ಲಿ ಅಡಗಿದೆ. ಕೃಷಿಕರೊಡನೆ ಉದ್ಯಮಕ್ಕಿರುವ ಸಂಬಂಧವನ್ನೂ ಅವರು ಮರೆಯಲಿಲ್ಲ. ಉದ್ದನೆಯ ಎಳೆಯ ಈಜಿಪ್ಟ್ ಹತ್ತಿಯನ್ನು ಭಾರತದಲ್ಲಿ ಬೆಳೆಯುವಂತೆ ಪ್ರೋತ್ಸಾಹಿಸಲು 1896ರಲ್ಲಿ ಪುಸ್ತಿಕೆಯೊಂದನ್ನು ಪ್ರಕಟಿಸಿದರು.

ಮೈಸೂರು ಸಂಸ್ಥಾನದಲ್ಲಿ ರೇಷ್ಮೆ ಕೃಷಿ

1893ರಲ್ಲಿ ಜಪಾನಿಗೆ ಭೇಟಿ ನೀಡಿದ ಜಮ್‌ಷೆಟ್‌ಜಿ ಅವರು ಅಲ್ಲಿನ ರೇಷ್ಮೆ ಸಾಕಣೆಯ ವೈಜ್ಞಾನಿಕ ವಿಧಾನಗಳಿಂದ ಪ್ರಭಾವಿತರಾದರು. ಮೈಸೂರು ಸಂಸ್ಥಾನದಲ್ಲಿ ಟಿಪ್ಪು ಸುಲ್ತಾನರ ಕಾಲದಿಂದ ನಡೆದುಬಂದಿದ್ದ ರೇಷ್ಮೆ ಕಸುಬು ಆ ವೇಳೆಗೆ ಹುಳುಗಳ ರೋಗದಿಂದಾಗಿ ಕ್ಷೀಣಿಸಿತ್ತು. 1890ರ ದಶಕದ ಕೊನೆಯ ಭಾಗದಲ್ಲಿ ಮೈಸೂರು ಸರ್ಕಾರವು ನೀಡಿದ ಜಮೀನು ಹಾಗೂ ವಾರ್ಷಿಕ ಸಹಾಯಧನದ ನೆರವಿನಿಂದ ಬೆಂಗಳೂರಿನಲ್ಲಿ ಅವರು ರೇಷ್ಮೆ ಕ್ಷೇತ್ರವೊಂದನ್ನು ಸ್ಥಾಪಿಸಿದರು. ಜಪಾನಿನಿಂದ ತಜ್ಞರನ್ನು ಕರೆಸಿ, ರೋಗರಹಿತ ಮೊಟ್ಟೆಗಳನ್ನು ಆಯ್ದು ತೆಗೆಯುವ ವಿಧಾನ ಮತ್ತು ನೂಲು ಬಿಚ್ಚುವ ಸುಧಾರಿತ ಕ್ರಮದಲ್ಲಿ ತರಬೇತಿ ನೀಡಲಾಯಿತು. ಅವರ ಕಾಲಾನಂತರ ಈ ಕ್ಷೇತ್ರದ ಆಡಳಿತವು ಬೇರೆಯವರಿಗೆ ಹಸ್ತಾಂತರವಾಯಿತು. ಆದರೂ ಬಸವನಗುಡಿಯ ಸಮೀಪದ ಆ ಪ್ರದೇಶವನ್ನು ಬೆಂಗಳೂರಿನ ಜನರು ಇಂದಿಗೂ ಟಾಟಾ ಸಿಲ್ಕ್ ಫಾರ್ಮ್ ಎಂದೇ ಕರೆಯುತ್ತಾರೆ. ಸರ್ಕಾರದ ಜಮೀನು, ಉದ್ಯಮಿಯ ಹಣ ಮತ್ತು ರೈತರ ದುಡಿಮೆ ಒಂದೆಡೆ ಸೇರಿದ ಆರಂಭಿಕ ಪ್ರಯತ್ನಗಳಲ್ಲಿ ಇದೂ ಒಂದಾಗಿದೆ.

ವಿಜ್ಞಾನ ಸಂಸ್ಥೆ: ಹನ್ನೊಂದು ವರ್ಷಗಳ ಕಾಯುವಿಕೆ

ಉನ್ನತ ವ್ಯಾಸಂಗಕ್ಕಾಗಿ ವಿದೇಶಕ್ಕೆ ತೆರಳುವ ಭಾರತೀಯ ವಿದ್ಯಾರ್ಥಿಗಳಿಗೆ ಸಾಲ ನೀಡಲು ಜಮ್‌ಷೆಟ್‌ಜಿ ಅವರು 1892ರಲ್ಲಿಯೇ ದತ್ತಿ ನಿಧಿಯೊಂದನ್ನು ಸ್ಥಾಪಿಸಿದ್ದರು. ಆದರೆ ದೇಶದಲ್ಲಿಯೇ ಉನ್ನತ ಸಂಶೋಧನೆಗೆ ಅವಕಾಶವಾಗಬೇಕೆಂಬುದು ಅವರ ಬಯಕೆಯಾಗಿತ್ತು. 1898ರಲ್ಲಿ ಇದಕ್ಕಾಗಿ ಸುಮಾರು 30 ಲಕ್ಷ ರೂಪಾಯಿ ಮೌಲ್ಯದ ಆಸ್ತಿಯನ್ನು ನೀಡುವುದಾಗಿ ಪ್ರಕಟಿಸಿದರು. ಮುಂಬಯಿಯಲ್ಲಿದ್ದ ಅವರ ಹಲವು ಕಟ್ಟಡಗಳು ಮತ್ತು ಸ್ಥಿರಾಸ್ತಿಗಳು ಇದರಲ್ಲಿ ಸೇರಿದ್ದವು. ತಮ್ಮ ಸಹಾಯಕ ಬುರ್ಜೋರ್‌ಜಿ ಪಾದಷಾ ಅವರನ್ನು ವಿದೇಶಗಳಿಗೆ ಕಳುಹಿಸಿ ಅಲ್ಲಿನ ವಿಶ್ವವಿದ್ಯಾಲಯಗಳ ವ್ಯವಸ್ಥೆಯನ್ನು ಅಧ್ಯಯನ ಮಾಡಿಸಿದರು. ಹಡಗಿನ ಪ್ರಯಾಣದಲ್ಲಿ ಪರಿಚಿತರಾಗಿದ್ದ ಸ್ವಾಮಿ ವಿವೇಕಾನಂದರಿಗೂ 1898ರ ನವೆಂಬರ್‌ನಲ್ಲಿ ಪತ್ರ ಬರೆದು ಈ ಕಾರ್ಯಕ್ಕೆ ಮಾರ್ಗದರ್ಶನ ಕೋರಿದರು.

1898ರ ಡಿಸೆಂಬರ್ 31ರಂದು, ವೈಸರಾಯ್ ಆಗಿ ನೇಮಕಗೊಂಡಿದ್ದ ಲಾರ್ಡ್ ಕರ್ಜನ್ ಅವರು ಮುಂಬಯಿಯಲ್ಲಿ ಬಂದಿಳಿದ ಮರುದಿನವೇ ನಿಯೋಗವೊಂದು ಯೋಜನೆಯ ಕರಡನ್ನು ಅವರಿಗೆ ಸಲ್ಲಿಸಿತು. ಅಷ್ಟು ವಿದ್ಯಾರ್ಥಿಗಳು ದೊರೆಯುವರೇ, ಕಲಿತವರಿಗೆ ಉದ್ಯೋಗವಿದೆಯೇ ಎಂಬ ಸಂದೇಹಗಳು ವ್ಯಕ್ತವಾದವು. ವಿಚಾರಣೆಗಳು ಒಂದರ ಹಿಂದೆ ಒಂದರಂತೆ ನಡೆದವು. 1900ರಲ್ಲಿ ಭಾರತಕ್ಕೆ ಬಂದ ಖ್ಯಾತ ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೆ ಅವರು ಬೆಂಗಳೂರನ್ನು ಸೂಕ್ತ ಸ್ಥಳವೆಂದು ಶಿಫಾರಸು ಮಾಡಿದರು. ನಂತರ ಮ್ಯಾಸನ್ ಮತ್ತು ಕ್ಲಿಬಾರ್ನ್ ಅವರ ಸಮಿತಿಯು 1901ರಲ್ಲಿ ಮತ್ತೊಮ್ಮೆ ಯೋಜನೆಯನ್ನು ಪರಿಶೀಲಿಸಿತು. ಪ್ರತಿಯೊಂದು ಆಕ್ಷೇಪಣೆಗೂ ಉತ್ತರ ಸಲ್ಲಿಸುತ್ತ, ಯೋಜನೆಯನ್ನು ತಿದ್ದುತ್ತ ಜಮ್‌ಷೆಟ್‌ಜಿ ಕಾದರು. ಸಂಸ್ಥೆಗೆ ತಮ್ಮ ಹೆಸರನ್ನು ಇಡಬೇಕೆಂದು ಅವರು ಬಯಸಲಿಲ್ಲ.

ಈ ಅವಧಿಯಲ್ಲಿ ಮೈಸೂರು ಸಂಸ್ಥಾನವು ನೀಡಿದ ಬೆಂಬಲವು ನಿರ್ಣಾಯಕವಾಯಿತು. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಈ ಸಹಕಾರವು ಮುಂದುವರಿದು, ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ 1907ರಲ್ಲಿ 371 ಎಕರೆ ಜಮೀನನ್ನು ನೀಡಲಾಯಿತು. ಇದರೊಂದಿಗೆ 5 ಲಕ್ಷ ರೂಪಾಯಿಗಳ ಬಂಡವಾಳ ಹಾಗೂ ವಾರ್ಷಿಕ 50,000 ರೂಪಾಯಿಗಳ ಅನುದಾನವನ್ನೂ ಒದಗಿಸಲಾಯಿತು. 1909ರ ಮೇ 27ರಂದು ಭಾರತ ಸರ್ಕಾರವು ದತ್ತಿಯ ಆದೇಶವನ್ನು ಹೊರಡಿಸಿತು. 1911ರಲ್ಲಿ ಮಹಾರಾಜರು ಶಂಕುಸ್ಥಾಪನೆ ನೆರವೇರಿಸಿದರು ಮತ್ತು ಅದೇ ವರ್ಷ ಮೊದಲ ತಂಡದ ವಿದ್ಯಾರ್ಥಿಗಳು ಪ್ರವೇಶ ಪಡೆದರು. ಜಮ್‌ಷೆಟ್‌ಜಿ ಅವರು ನಿಧನರಾಗಿ ಆಗ ಏಳು ವರ್ಷಗಳಾಗಿದ್ದವು. ಅವರ ಪುತ್ರರಾದ ದೊರಾಬ್‌ಜಿ ಮತ್ತು ರತನ್‌ಜಿ ಅವರು ತಂದೆಯ ವಾಗ್ದಾನದಿಂದ ಹಿಂದೆ ಸರಿಯಲಿಲ್ಲ.

ಭಾರತೀಯ ವಿಜ್ಞಾನ ಸಂಸ್ಥೆಯೆಂಬುದು ಅದರ ಅಧಿಕೃತ ಹೆಸರಾದರೂ ಬೆಂಗಳೂರಿಗರ ಬಾಯಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟ್ ಆಗಿಯೇ ಉಳಿದಿದೆ. ದಾನಿಯು ಬೇಡವೆಂದ ಹೆಸರನ್ನು ಜನರೇ ಇಟ್ಟರು. ಈ ಸಂಸ್ಥೆಯಲ್ಲಿ 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ ಆರಂಭವಾದ ಅಸ್ತ್ರ ಕೇಂದ್ರವು ಕಡಿಮೆ ಸೌದೆಯಲ್ಲಿ ಉರಿಯುವ, ಹೊಗೆಯನ್ನು ಹೊರಗೆ ಕಳುಹಿಸುವ ಒಲೆಯನ್ನು ರೂಪಿಸಿತು. ಕರ್ನಾಟಕದ ಹಳ್ಳಿಗಳ ಅನೇಕ ಮನೆಗಳಲ್ಲಿ ಅಸ್ತ್ರ ಒಲೆಯು ಚಿರಪರಿಚಿತವಾಯಿತು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಗೋಬರ್ ಅನಿಲದಿಂದ ವಿದ್ಯುತ್ ಉತ್ಪಾದಿಸಿ ಮನೆಗಳಿಗೆ ದೀಪ ಮತ್ತು ಕುಡಿಯುವ ನೀರು ಒದಗಿಸುವ ಪ್ರಯೋಗವನ್ನೂ ಇದೇ ಕೇಂದ್ರವು ನಡೆಸಿತು.

ಉಕ್ಕಿನ ಕಾರ್ಖಾನೆಯ ಸಂಕಲ್ಪ

ಉಕ್ಕಿನ ವಿಷಯದಲ್ಲಿ ಅವರ ಕಾಯುವಿಕೆ ಇನ್ನೂ ದೀರ್ಘವಾದದ್ದು. ಮಧ್ಯ ಪ್ರಾಂತ್ಯದ ಚಾಂದಾ ಜಿಲ್ಲೆಯಲ್ಲಿ ಕಬ್ಬಿಣದ ಅದಿರು ಇರುವ ಬಗ್ಗೆ ಜರ್ಮನ್ ಭೂವಿಜ್ಞಾನಿಯೊಬ್ಬರು ನೀಡಿದ್ದ ವರದಿಯನ್ನು ಅವರು 1882ರಲ್ಲಿ ಓದಿದರು. ಆದರೆ ಅಂದಿನ ಗಣಿಗಾರಿಕೆ ನಿಯಮಗಳು ಖಾಸಗಿಯವರಿಗೆ ಅನುಕೂಲಕರವಾಗಿರಲಿಲ್ಲ. ಹೀಗಾಗಿ ಯೋಜನೆ ಹದಿನೇಳು ವರ್ಷಗಳ ಕಾಲ ಹಾಗೆಯೇ ಉಳಿಯಿತು. 1899ರಲ್ಲಿ ನಿಯಮಗಳು ಸಡಿಲಗೊಂಡವು. 1900ರಲ್ಲಿ ಲಂಡನ್ನಿನಲ್ಲಿ ಭಾರತ ವ್ಯವಹಾರಗಳ ಕಾರ್ಯದರ್ಶಿ ಲಾರ್ಡ್ ಜಾರ್ಜ್ ಹ್ಯಾಮಿಲ್ಟನ್ ಅವರನ್ನು ಕಂಡು ಸರ್ಕಾರದ ಬೆಂಬಲವನ್ನು ಪಡೆದರು. 1902ರಲ್ಲಿ ಅಮೆರಿಕಕ್ಕೆ ತೆರಳಿ, ತಜ್ಞ ಎಂಜಿನಿಯರ್ ಚಾರ್ಲ್ಸ್ ಪೇಜ್ ಪೆರಿನ್ ಅವರನ್ನು ಭಾರತದಲ್ಲಿ ಪರಿಶೀಲನೆ ನಡೆಸಲು ಒಪ್ಪಿಸಿದರು.

ಅದೇ ವರ್ಷ ಅವರು ಪುತ್ರ ದೊರಾಬ್‌ಜಿ ಅವರಿಗೆ ಬರೆದ ಪತ್ರವು ಪ್ರಸಿದ್ಧವಾದುದು. ಕಾರ್ಖಾನೆಯ ಸ್ಥಳವೇ ಇನ್ನೂ ನಿಗದಿಯಾಗಿರಲಿಲ್ಲ. ಆದರೂ ಕಾರ್ಮಿಕರ ಊರು ಹೇಗಿರಬೇಕೆಂಬುದನ್ನು ಅವರು ಮುಂಚಿತವಾಗಿಯೇ ಸೂಚಿಸಿದ್ದರು. ಅಗಲವಾದ ರಸ್ತೆಗಳು, ಬೇಗ ಬೆಳೆಯುವ ನೆರಳಿನ ಮರಗಳು, ವಿಶಾಲವಾದ ಉದ್ಯಾನಗಳು, ಆಟದ ಮೈದಾನಗಳು ಹಾಗೂ ಎಲ್ಲ ಮತಗಳ ಪ್ರಾರ್ಥನಾ ಸ್ಥಳಗಳಿಗೆ ಜಾಗ ಇರಬೇಕೆಂಬುದು ಅವರ ಅಪೇಕ್ಷೆಯಾಗಿತ್ತು.

1904ರ ಫೆಬ್ರವರಿಯಲ್ಲಿ ಭೂವಿಜ್ಞಾನಿ ಪ್ರಮಥನಾಥ ಬೋಸ್ ಅವರು ಮಯೂರ್‌ಭಂಜ್ ಸಂಸ್ಥಾನದಲ್ಲಿ ಉತ್ತಮ ಕಬ್ಬಿಣದ ಅದಿರು ಇರುವುದನ್ನು ಪತ್ರದ ಮೂಲಕ ತಿಳಿಸಿದರು. ಆದರೆ ಜಮ್‌ಷೆಟ್‌ಜಿ ಅವರ ಆರೋಗ್ಯ ಆ ವೇಳೆಗೆ ಹದಗೆಟ್ಟಿತ್ತು. 1904ರ ಮೇ 19ರಂದು ಜರ್ಮನಿಯ ಬಾಡ್ ನೌಹೈಮ್‌ನಲ್ಲಿ ಅವರು ನಿಧನರಾದರು. ಇಂಗ್ಲೆಂಡಿನ ಬ್ರುಕ್‌ವುಡ್ ರುದ್ರಭೂಮಿಯಲ್ಲಿ ಅವರ ಅಂತ್ಯಕ್ರಿಯೆ ನಡೆಯಿತು.

ಸಂಕಲ್ಪಗಳು ಕಾರ್ಯಗತವಾದ ಬಗೆ

ಉಕ್ಕಿನ ಕಂಪನಿಗೆ ಮೊದಲು ಲಂಡನ್ನಿನಲ್ಲಿ ಬಂಡವಾಳ ಸಂಗ್ರಹಿಸುವ ಪ್ರಯತ್ನ ನಡೆಯಿತಾದರೂ ಅದು ಫಲಿಸಲಿಲ್ಲ. ಆಗ ಸ್ವದೇಶಿ ಚಳವಳಿಯ ಕಾಲ. 1907ರಲ್ಲಿ ಭಾರತೀಯರಲ್ಲಿಯೇ ಮನವಿ ಮಾಡಿಕೊಳ್ಳಲಾಗಿ, ಸುಮಾರು 8,000 ಮಂದಿ ಮೂರು ವಾರಗಳಲ್ಲಿ ಅಗತ್ಯವಾದ ಮೊತ್ತವನ್ನು ಒದಗಿಸಿದರು. ದುಡಿಯುವ ಬಂಡವಾಳಕ್ಕಾಗಿ ಹೊರಡಿಸಿದ ಸಾಲಪತ್ರಗಳನ್ನು ಗ್ವಾಲಿಯರ್ ಮಹಾರಾಜರು ಖರೀದಿಸಿದರು. ಸರ್ಕಾರವು ವರ್ಷಕ್ಕೆ 20,000 ಟನ್ ರೈಲು ಕಂಬಿಗಳನ್ನು ಹತ್ತು ವರ್ಷಗಳ ಕಾಲ ಖರೀದಿಸಲು ಒಪ್ಪಿತು. ಸುವರ್ಣರೇಖಾ ಮತ್ತು ಖರ್ಕಾಯ್ ನದಿಗಳ ಸಂಗಮದ ಸಮೀಪದ ಸಾಕ್ಚಿ ಎಂಬ ಗ್ರಾಮವನ್ನು ನೀರಿನ ಲಭ್ಯತೆಯ ಕಾರಣದಿಂದ ಆಯ್ಕೆ ಮಾಡಲಾಯಿತು. 1912ರ ಫೆಬ್ರವರಿಯಲ್ಲಿ ಮೊದಲ ಉಕ್ಕು ಹೊರಬಂದಿತು. ಅದೇ ವರ್ಷ ಎಂಟು ಗಂಟೆಗಳ ದುಡಿಮೆಯ ಅವಧಿಯನ್ನು ಜಾರಿಗೆ ತರಲಾಯಿತು. 1919ರಲ್ಲಿ ವೈಸರಾಯ್ ಲಾರ್ಡ್ ಚೆಲ್ಮ್ಸ್‌ಫರ್ಡ್ ಅವರು ಆ ಊರಿಗೆ ಜಮ್‌ಷೆಡ್‌ಪುರ ಎಂದು ನಾಮಕರಣ ಮಾಡಿದರು. ಪತ್ರದಲ್ಲಿ ಬರೆದಿದ್ದ ಮರಗಳು ಊರಿನ ರಸ್ತೆಗಳಲ್ಲಿ ಬೆಳೆದವು. 1958ರಲ್ಲಿ ಅಲ್ಲಿ ಆರಂಭವಾದ ಜ್ಯುಬಿಲಿ ಉದ್ಯಾನಕ್ಕೆ ನಮ್ಮ ಮೈಸೂರಿನ ಬಳಿಯ ಬೃಂದಾವನ ಉದ್ಯಾನವೇ ಪ್ರೇರಣೆಯಾಯಿತು.

ಮೂರನೆಯ ಸಂಕಲ್ಪ ಜಲವಿದ್ಯುತ್. ಅಂದಿನ ಮುಂಬಯಿಯ ಗಿರಣಿಗಳು ದೂರದಿಂದ ತರಿಸಿದ ಕಲ್ಲಿದ್ದಲಿನ ಹಬೆಯಿಂದ ನಡೆಯುತ್ತಿದ್ದವು ಮತ್ತು ನಗರದ ಆಕಾಶವು ಹೊಗೆಯಿಂದ ತುಂಬಿರುತ್ತಿತ್ತು. ಪಶ್ಚಿಮ ಘಟ್ಟಗಳ ಮೇಲೆ ಸುರಿದು ಹರಿದುಹೋಗುವ ಮಳೆ ನೀರನ್ನು ಹಿಡಿದಿಟ್ಟು ವಿದ್ಯುತ್ ಉತ್ಪಾದಿಸಿದರೆ ಈ ಎರಡು ತೊಂದರೆಗಳಿಗೂ ಪರಿಹಾರ ದೊರೆಯುವುದೆಂದು ಜಮ್‌ಷೆಟ್‌ಜಿ ಮನಗಂಡಿದ್ದರು. ಇಂತಹ ಕಾರ್ಯ ಸಾಧ್ಯವೆಂಬುದನ್ನು ಮೈಸೂರು ಸಂಸ್ಥಾನವು 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಸಾಗಿಸುವ ಮೂಲಕ ತೋರಿಸಿಕೊಟ್ಟಿತ್ತು. 1910ರಲ್ಲಿ ಜಲವಿದ್ಯುತ್ ಕಂಪನಿ ಸ್ಥಾಪನೆಯಾಗಿ, ಲೋಣಾವಳದ ಬಳಿ ಕಟ್ಟಿದ ಜಲಾಶಯಗಳ ನೀರನ್ನು 500 ಮೀಟರಿಗೂ ಹೆಚ್ಚು ಆಳಕ್ಕೆ ಇಳಿಸಿ ಖೋಪೋಲಿಯಲ್ಲಿ 1915ರಿಂದ ವಿದ್ಯುತ್ ಉತ್ಪಾದನೆ ಆರಂಭವಾಯಿತು.

ಜನರ ಒಪ್ಪಿಗೆಯ ಪ್ರಶ್ನೆ

ಈ ಸಾಧನೆಗಳ ಜೊತೆಯಲ್ಲಿ ಇನ್ನೊಂದು ಸಂಗತಿಯನ್ನೂ ತಿಳಿಸುವುದು ಅಗತ್ಯವಾಗಿದೆ. ಜಮ್‌ಷೆಟ್‌ಜಿ ಅವರ ಕಾಲಾನಂತರ ಜಲವಿದ್ಯುತ್ ಯೋಜನೆಯು ವಿಸ್ತರಣೆಗೊಂಡು, ಪುಣೆ ಜಿಲ್ಲೆಯ ಮುಳಶಿಯಲ್ಲಿ ಅಣೆಕಟ್ಟು ನಿರ್ಮಾಣ ಆರಂಭವಾಯಿತು. ಸರ್ಕಾರದ ಅನುಮತಿ ದೊರೆತಿತ್ತು, ಭೂಸ್ವಾಧೀನ ಕಾಯ್ದೆಯ ಬಲವೂ ಇತ್ತು. ಆದರೆ ತಲೆತಲಾಂತರದಿಂದ ಆ ಕಣಿವೆಯಲ್ಲಿ ಭತ್ತ ಬೆಳೆಯುತ್ತಿದ್ದ ರೈತರನ್ನು ಮುಂಚಿತವಾಗಿ ಕೇಳಿರಲಿಲ್ಲ. 1921ರಲ್ಲಿ ಅವರು ಸತ್ಯಾಗ್ರಹ ಆರಂಭಿಸಿದರು. ಪಾಂಡುರಂಗ ಮಹಾದೇವ ಬಾಪಟ್ ಅವರು ಇದರ ನಾಯಕತ್ವ ವಹಿಸಿ ಸೆರೆಮನೆ ಸೇರಿದರು ಹಾಗೂ ಸೇನಾಪತಿ ಬಾಪಟ್ ಎಂದೇ ಹೆಸರಾದರು. ಕೊನೆಗೆ ಅಣೆಕಟ್ಟು ಪೂರ್ಣಗೊಂಡಿತು, ಜಮೀನುಗಳು ಮುಳುಗಿದವು. ಅಣೆಕಟ್ಟಿನ ವಿರುದ್ಧ ದೇಶದಲ್ಲಿ ನಡೆದ ಮೊದಲ ಸಂಘಟಿತ ಹೋರಾಟಗಳಲ್ಲಿ ಇದನ್ನು ಎಣಿಸಲಾಗುತ್ತದೆ. ಸಾಕ್ಚಿಯ ಸುತ್ತಲಿನ ಆದಿವಾಸಿಗಳ ನೆಲೆಗಳೂ ಕಾರ್ಖಾನೆ ಮತ್ತು ಊರಿನ ಬೆಳವಣಿಗೆಯಲ್ಲಿ ಬದಲಾಗಿ ಹೋದವು. 1920ರಲ್ಲಿ ಜಮ್‌ಷೆಡ್‌ಪುರದ ಕಾರ್ಮಿಕರೂ ಮುಷ್ಕರ ಹೂಡಿದರು.

ಒಂದೇ ಮನೆತನ ನಡೆಸಿದ ಈ ಕಾರ್ಯಗಳನ್ನು ಹೋಲಿಸಿ ನೋಡಿದಾಗ ವ್ಯತ್ಯಾಸ ಸ್ಪಷ್ಟವಾಗುತ್ತದೆ. ನಾಗಪುರದಲ್ಲಿ ಕಾರ್ಮಿಕನಿಗೆ, ಉಕ್ಕಿನ ಕಂಪನಿಯಲ್ಲಿ ಸಣ್ಣ ಹೂಡಿಕೆದಾರನಿಗೆ, ಬೆಂಗಳೂರಿನಲ್ಲಿ ಸಂಸ್ಥಾನದ ಪ್ರಜೆಗೆ ಪಾಲು ದೊರೆಯಿತು. ಮುಳಶಿಯಲ್ಲಿ ಉದ್ಯಮ ಮತ್ತು ಸರ್ಕಾರ ಇಬ್ಬರು ಮಾತ್ರ ಒಪ್ಪಂದಕ್ಕೆ ಬಂದರು, ಮೂರನೆಯವನಾದ ಹಳ್ಳಿಗನು ಹೊರಗುಳಿದನು. ಕಾನೂನಿನ ಅನುಮತಿಯು ಜನರ ಒಪ್ಪಿಗೆಗೆ ಬದಲಿಯಾಗಲಾರದು.

ಇಂದಿನ ಕಾನೂನುಗಳಲ್ಲಿ ಇದರ ಪ್ರತಿಬಿಂಬ

ಜಮ್‌ಷೆಟ್‌ಜಿ ಅವರ ಕಾಲದಲ್ಲಿ ಉದ್ಯಮಿಯ ಇಚ್ಛೆಗೆ ಬಿಟ್ಟಿದ್ದ ಅನೇಕ ವಿಷಯಗಳು ಕಾಲಕ್ರಮದಲ್ಲಿ ಕಾನೂನಿನ ರೂಪ ಪಡೆದವು. 1974ರ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆಯು ತ್ಯಾಜ್ಯ ನೀರನ್ನು ಹೊರಬಿಡುವ ಕೈಗಾರಿಕೆಗಳಿಗೆ ಮಂಡಳಿಯ ಸಮ್ಮತಿಯನ್ನು ಕಡ್ಡಾಯಗೊಳಿಸಿತು. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯು ನಿರ್ದಿಷ್ಟ ವರ್ಗದ ಯೋಜನೆಗಳಿಗೆ ಸ್ಥಳೀಯ ಜನರ ಅಹವಾಲು ಸಭೆಯನ್ನು ವಿಧಿಸಿತು. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆಯು ಖಾಸಗಿ ಕಂಪನಿಗಳಿಗಾಗಿ ಜಮೀನು ಪಡೆಯುವಾಗ ಬಾಧಿತ ಕುಟುಂಬಗಳಲ್ಲಿ ಕನಿಷ್ಠ ಶೇ. 80ರಷ್ಟರ ಪೂರ್ವ ಒಪ್ಪಿಗೆ ಬೇಕೆಂಬ ತತ್ವವನ್ನು ತಂದಿತು. ಅದೇ ವರ್ಷದ ಕಂಪನಿಗಳ ಕಾಯ್ದೆಯ ಅನ್ವಯ, ನಿಗದಿತ ಮಿತಿಯನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಯ ಕಾರ್ಯಗಳಿಗೆ ವಿನಿಯೋಗಿಸಬೇಕಾಗುತ್ತದೆ.

ಅರ್ಜಿಯೊಂದಿಗೆ ಸಲ್ಲಿಸಬೇಕಾದ ನಕ್ಷೆ, ನೀರಿನ ಮೂಲದ ವಿವರ, ತ್ಯಾಜ್ಯ ವಿಲೇವಾರಿಯ ಕ್ರಮ, ಸ್ಥಳೀಯ ಸಂಸ್ಥೆಯ ಅಭಿಪ್ರಾಯ ಮುಂತಾದ ದಾಖಲೆಗಳು ಅನೇಕ ನಾಗರಿಕರಿಗೆ ಹೊರೆಯೆನಿಸುವುದು ಸಹಜ. ಆದರೆ ಪ್ರತಿಯೊಂದು ದಾಖಲೆಯ ಹಿಂದೆಯೂ ಹೊಗೆ ಕುಡಿದ ಒಂದು ನಗರ, ಮುಳುಗಿದ ಒಂದು ಗದ್ದೆ ಅಥವಾ ಪರಿಹಾರ ಕಾಣದ ಒಬ್ಬ ಕಾರ್ಮಿಕನ ಅನುಭವವಿದೆ. ಕಾರ್ಖಾನೆಯ ಜಾಗವೇ ಗೊತ್ತಿರದ ದಿನಗಳಲ್ಲಿ ಊರಿನ ಮರಗಳನ್ನು ಕುರಿತು ಆಲೋಚಿಸಿದ ಉದ್ಯಮಿಯೊಬ್ಬರು ನಮ್ಮ ನಾಡಿನಲ್ಲಿ ಆಗಿಹೋದರು. ತಮ್ಮ ಉದ್ಯಮದ ವಿವರಗಳನ್ನು ಬರೆಯುವಾಗ ಅರ್ಜಿದಾರರು ಅದರ ಸುತ್ತಲಿನ ನೆಲ, ನೀರು ಮತ್ತು ಜನರನ್ನೂ ಗಮನದಲ್ಲಿರಿಸಿಕೊಂಡಲ್ಲಿ ಅದು ಆ ಮಹನೀಯರಿಗೆ ಸಲ್ಲಿಸುವ ನಿಜವಾದ ಗೌರವವಾಗುತ್ತದೆ.